ರಾಮನಗರದ ಮಣಿಸರ

ಬೆಂಗಳೂರಿನಿಂದ ಮೈಸೂರಿಗೆ ಹೊರಟವರಿಗೆ ರಾಮನಗರ ಅಂದರೆ ನೆನಪಾಗುವುದು ರೇಷ್ಮೆಗೂಡಿನ ಮಾರುಕಟ್ಟೆ, ಇಲ್ಲವೇ ‘ಶೋಲೆ’ ಸಿನಿಮಾದ ಬಂಡೆಗಳು. ಎಕ್ಸ್‌ಪ್ರೆಸ್‌ವೇ ಆದ ಮೇಲೆ ಊರೊಳಗೆ ಹೋಗುವ ಗೋಜೂ ಇಲ್ಲ. ಆದರೆ ‘ಶೋಲೆ’ ಬರುವುದಕ್ಕೂ 23 ವರ್ಷ ಮೊದಲು, 1952ರಲ್ಲಿ, ಈ ಊರು ವಿಶ್ವ ಆರೋಗ್ಯ ಸಂಸ್ಥೆಯ ಕಡತ ಸೇರಿತ್ತು. ಕಾರಣ, ಒಂದು ಮಣಿಸರ. ಬಣ್ಣ ಬಣ್ಣದ ಮಣಿ ಪೋಣಿಸಿ ಹೆಂಗಸರ ಕೈಗೆ ಕೊಟ್ಟ ಸರ. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಮಣಿ ಬಂದರೆ ಭಯವಿಲ್ಲ, ಕೆಂಪು ಮಣಿ ಬಂದರೆ ಗಂಡನಿಂದ ದೂರ ಇರಬೇಕು. ಇಷ್ಟೇ ಅದರ ತಂತ್ರ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟೋ ಜನರ ಫೋನಿನಲ್ಲಿ ಇದೇ ಸರ ಇದೆ. ಹೆಸರು ಬೇರೆ, ಅಷ್ಟೇ. ಪೀರಿಯಡ್ಸ್ ಬಂದ ದಿನ ಒತ್ತಿದರೆ ಮುಂದಿನ ಡೇಟ್ ಹೇಳುತ್ತೆ, ‘ಫರ್ಟೈಲ್’ ದಿನಗಳಿಗೆ ಬಣ್ಣ ಬಳಿದು ತೋರಿಸುತ್ತೆ. ನನ್ನ ಸ್ನೇಹಿತೆಯರಲ್ಲಿ ಒಬ್ಬಳು ಆ ಬಣ್ಣದ ದಿನಗಳನ್ನು ಹುಷಾರಾಗಿ ತಪ್ಪಿಸುತ್ತಾಳೆ. ಇನ್ನೊಬ್ಬಳು ಅದೇ ದಿನಗಳಿಗಾಗಿ ಗಂಡನ ಟೂರ್ ಕ್ಯಾನ್ಸಲ್ ಮಾಡಿಸುತ್ತಾಳೆ. ಇಬ್ಬರ ಪ್ರಶ್ನೆಯೂ ಒಂದೇ: ಯಾವ ದಿನ ನಿಲ್ಲುತ್ತೆ, ಯಾವ ದಿನ ನಿಲ್ಲಲ್ಲ?

ನಾನು ಡಾಕ್ಟರ್ ಅಲ್ಲ. ಹಳೇ ಕಾಗದಪತ್ರ ಕೆದಕುವ ಹುಚ್ಚಿರುವವಳು ಅಂತ ಗೊತ್ತಿರುವುದರಿಂದ ಆಫೀಸಿನಲ್ಲಿ ಊಟದ ಹೊತ್ತಿಗೆ ಇಂಥ ಪ್ರಶ್ನೆಗಳು ನನ್ನ ಕಡೆಗೂ ಬರುತ್ತವೆ, ದನಿ ತಗ್ಗಿಸಿಕೊಂಡು. ಉತ್ತರ ಹುಡುಕಲು ಹೊರಟರೆ ಪ್ರತಿ ಪ್ರಶ್ನೆಯ ಹಿಂದೆಯೂ ಒಂದೊಂದು ಇತಿಹಾಸ. ಅದು ಗೊತ್ತಾದರೆ ಫೋನಿನ ಬಣ್ಣವನ್ನು ಎಷ್ಟು ನಂಬಬೇಕು ಅನ್ನುವುದೂ ಗೊತ್ತಾಗುತ್ತದೆ.

ಮೊದಲು ಲೆಕ್ಕದ ಕತೆ. ದಿನ ಎಣಿಸುವುದನ್ನು ನಮ್ಮ ಹಿರಿಯರು ಬಹಳ ಹಿಂದೆಯೇ ಶುರು ಮಾಡಿದ್ದರು. ಗರ್ಭ ನಿಲ್ಲಲು ನಾಲ್ಕು ಕೂಡಿಬರಬೇಕು ಅನ್ನುತ್ತದೆ ಸುಶ್ರುತ ಸಂಹಿತೆ: ಋತು, ಕ್ಷೇತ್ರ, ಅಂಬು, ಬೀಜ. ಬೆಳೆ ಬರಲು ಹದವಾದ ಕಾಲ, ಹೊಲ, ನೀರು, ಬಿತ್ತನೆ ಬೇಕಲ್ಲ, ಹಾಗೆ. ಈ ಋತುಕಾಲ ಹನ್ನೆರಡು ರಾತ್ರಿ ಅಂದರು ವೈದ್ಯರು, ಹದಿನಾರು ರಾತ್ರಿ ಅಂದಿತು ಮನುಸ್ಮೃತಿ. ಮೊದಲ ನಾಲ್ಕು ರಾತ್ರಿ ಬೇಡ, ಸಮ ಸಂಖ್ಯೆಯ ರಾತ್ರಿ ಗಂಡು, ಬೆಸ ಸಂಖ್ಯೆಯ ರಾತ್ರಿ ಹೆಣ್ಣು ಅಂತಲೂ ಮನು ಸೇರಿಸಿದ. ಗಂಡು–ಹೆಣ್ಣಿನ ಭಾಗ ಬರೀ ಸುಳ್ಳು. ಅದನ್ನು ನಿರ್ಧರಿಸುವುದು ವೀರ್ಯಾಣುವಿನ ಎಕ್ಸ್ ಅಥವಾ ವೈ ವರ್ಣತಂತು, ರಾತ್ರಿಯ ಸಂಖ್ಯೆ ಅಲ್ಲ. ಆದರೆ ಐದನೇ ರಾತ್ರಿಯಿಂದ ಹದಿನಾರನೇ ರಾತ್ರಿವರೆಗೆ ಅನ್ನುವ ಲೆಕ್ಕ ಇದೆಯಲ್ಲ, ಮಗು ಬೇಕು ಅನ್ನುವವರಿಗೆ ಅದು ತೀರಾ ಕೆಟ್ಟ ಸಲಹೆ ಅಲ್ಲ. 28 ದಿನಕ್ಕೊಮ್ಮೆ ಮುಟ್ಟಾಗುವ ಹೆಂಗಸಿಗೆ ಗರ್ಭ ನಿಲ್ಲುವ ದಿನಗಳು ಅದರೊಳಗೇ ಬೀಳುತ್ತವೆ.

ತಮಾಷೆ ಏನಂದರೆ, ಹತ್ತೊಂಬತ್ತನೇ ಶತಮಾನದ ಯುರೋಪಿನ ಡಾಕ್ಟರುಗಳು ಇದಕ್ಕಿಂತ ಹಿಂದಿದ್ದರು. ಲೇವೆನ್‌ಹುಕ್ 1677ರಲ್ಲೇ ಸೂಕ್ಷ್ಮದರ್ಶಕದಲ್ಲಿ ವೀರ್ಯಾಣು ನೋಡಿದ್ದ. ಫಾನ್ ಬೇರ್ 1827ರಲ್ಲಿ ಸಸ್ತನಿಯ ಅಂಡಾಣು ಕಂಡುಹಿಡಿದಿದ್ದ. ಎರಡೂ ಸೇರುವುದನ್ನು 1876ರಲ್ಲಿ ಕಡಲಜೀವಿಯೊಂದರಲ್ಲಿ ಓಸ್ಕರ್ ಹೆರ್ಟ್‌ವಿಗ್ ಕಣ್ಣಾರೆ ನೋಡಿದ. ಆದರೆ ಹೆಂಗಸಿನ ದೇಹದಲ್ಲಿ ಅಂಡಾಣು ಹೊರಬರುವುದು ಯಾವತ್ತು? ನಾಯಿಗೆ ಬೆದೆ ಬಂದಾಗ ರಕ್ತ ಕಾಣುತ್ತದೆ, ಹಾಗಾಗಿ ಮನುಷ್ಯರಲ್ಲೂ ಮುಟ್ಟಿನ ಆಸುಪಾಸೇ ಇರಬೇಕು ಅಂತ ಅವರು ತರ್ಕ ಮಾಡಿದರು. ಎರಡು ಮುಟ್ಟಿನ ನಡುವಿನ ದಿನಗಳೇ ಸೇಫ್ ಅಂತ ಪುಸ್ತಕಗಳಲ್ಲಿ ಬರೆದರು. ಅಂದರೆ ಅತಿ ಹೆಚ್ಚು ಅಪಾಯದ ದಿನಗಳನ್ನೇ ಹೆಕ್ಕಿ ಕೊಟ್ಟರು! ಅದನ್ನು ನಂಬಿ ಹುಟ್ಟಿದ ಮಕ್ಕಳ ಲೆಕ್ಕ ಇಟ್ಟವರಿಲ್ಲ.

ಸರಿ ಉತ್ತರ ಸಿಕ್ಕಿದ್ದು 1920ರ ದಶಕದಲ್ಲಿ. ಜಪಾನಿನ ನಿಗಾಟದಲ್ಲಿ ಕ್ಯುಸಾಕು ಒಗಿನೊ ಅನ್ನುವ ಸ್ತ್ರೀರೋಗ ತಜ್ಞ ಇದ್ದ. ಹೊಟ್ಟೆಯ ಆಪರೇಷನ್ ಮಾಡುವಾಗಲೆಲ್ಲ ಅಂಡಾಶಯವನ್ನೂ ನೋಡಿ, ಆಕೆಯ ಮುಟ್ಟಿನ ದಿನಾಂಕದ ಜೊತೆ ತಾಳೆ ಹಾಕುತ್ತಾ ಹೋದ. ಮುಂದಿನ ಮುಟ್ಟು ಬರುವುದಕ್ಕೆ 12ರಿಂದ 16 ದಿನ ಮುಂಚೆ ಅಂಡಾಣು ಬಿಡುಗಡೆ ಆಗುತ್ತದೆ ಅನ್ನುವುದು ಅವನ ತೀರ್ಮಾನ. ಅದೇ ಹೊತ್ತಿಗೆ ಆಸ್ಟ್ರಿಯಾದ ಹರ್ಮನ್ ಕ್ನೌಸ್ ಬೇರೆ ದಾರಿಯಲ್ಲಿ ಹೆಚ್ಚುಕಡಿಮೆ ಅಲ್ಲಿಗೇ ಬಂದ. ಮಕ್ಕಳಾಗದವರಿಗೆ ಉಪಯೋಗವಾಗಲಿ ಅನ್ನುವುದು ಒಗಿನೊನ ಆಸೆ. ಜಗತ್ತು ಅದನ್ನು ಮಕ್ಕಳಾಗದಿರುವುದಕ್ಕೆ ಬಳಸಿತು. ಈ ಪದ್ಧತಿಗೆ ಇಷ್ಟು ಜನ ಜೋತುಬೀಳುವುದು ಅವನಿಗೇ ಸರಿಬರಲಿಲ್ಲ ಅನ್ನುತ್ತಾರೆ.

ಒಗಿನೊನ ಮಾತನ್ನು ಇನ್ನೊಮ್ಮೆ ಓದಿ. ಅವನು ಎಣಿಸಿದ್ದು ಹಿಂದಿನ ಮುಟ್ಟಿನಿಂದ ಮುಂದಕ್ಕೆ ಅಲ್ಲ, ಮುಂದಿನ ಮುಟ್ಟಿನಿಂದ ಹಿಂದಕ್ಕೆ. ಮುಂದಿನದು ಯಾವಾಗ ಅಂತ ಖಾತ್ರಿಯಾಗುವುದು ಅದು ಬಂದ ಮೇಲೆ. ಅಷ್ಟು ಹೊತ್ತಿಗೆ ಆಗುವುದು ಆಗಿಹೋಗಿರುತ್ತದೆ. ಕ್ಯಾಲೆಂಡರ್ ಆಗಲಿ, ಮಣಿಸರ ಆಗಲಿ, ಆ್ಯಪ್ ಆಗಲಿ, ಬರೀ ದಿನಾಂಕ ನೋಡಿ ಹೇಳುವವೆಲ್ಲ ಮಾಡುವುದು ಒಂದೇ ಕೆಲಸ: ಊಹೆ.

ಈಗ ರಾಮನಗರಕ್ಕೆ ಬರೋಣ. ಬಹಳ ಪದ್ಧತಿಗಳಿದ್ದವಲ್ಲ, ಇದನ್ನೇ ಯಾಕೆ ತಂದರು?

ಗರ್ಭನಿರೋಧದ ಮಾತು ನಮ್ಮಲ್ಲಿ ಆಗ ಹೊಸದೇನಲ್ಲ. ರಘುನಾಥ ಧೋಂಡೋ ಕರ್ವೆ 1921ರಲ್ಲೇ ಮುಂಬೈಯಲ್ಲಿ ಕ್ಲಿನಿಕ್ ತೆರೆದಿದ್ದರು. ಲಂಡನ್ನಿನಲ್ಲಿ ಮೇರಿ ಸ್ಟೋಪ್ಸ್ ತೆರೆದ ವರ್ಷವೇ. ಈ ಕೆಲಸಕ್ಕಾಗಿ ಕರ್ವೆ ಕಾಲೇಜಿನ ಗಣಿತದ ಮೇಷ್ಟರ ನೌಕರಿ ಕಳೆದುಕೊಂಡರು, ‘ಸಮಾಜ ಸ್ವಾಸ್ಥ್ಯ’ ಅನ್ನುವ ಮರಾಠಿ ಪತ್ರಿಕೆ ನಡೆಸಿ ಕೋರ್ಟಿಗೂ ಅಲೆದರು. ಒಂದು ಮೊಕದ್ದಮೆಯಲ್ಲಿ ಅವರ ಪರ ವಾದಿಸಿದ ವಕೀಲರು ಅಂಬೇಡ್ಕರ್. ನಮ್ಮ ಮೈಸೂರು ಸಂಸ್ಥಾನ 1930ರಲ್ಲಿ ಸರಕಾರಿ ಆಸ್ಪತ್ರೆಗಳಲ್ಲೇ ಸಂತಾನ ನಿಯಂತ್ರಣದ ಸಲಹೆ ಕೊಡುವ ಕ್ಲಿನಿಕ್ ಶುರು ಮಾಡಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ದೊರೆ, ಮಿರ್ಜಾ ಇಸ್ಮಾಯಿಲ್ ದಿವಾನರು. ಸರಕಾರವೊಂದು ತಾನಾಗಿ ಇಂಥ ಕ್ಲಿನಿಕ್ ನಡೆಸಿದ್ದು ಜಗತ್ತಿನಲ್ಲೇ ಮೊದಲು ಅಂತ ಇದನ್ನು ಸಾಮಾನ್ಯವಾಗಿ ಹೇಳುತ್ತಾರೆ. ಕನ್ನಂಬಾಡಿ, ಜೋಗದ ಕರೆಂಟು, ಸ್ಯಾಂಡಲ್ ಸೋಪಿನ ಜೊತೆ ಈ ಹೆಮ್ಮೆಯನ್ನು ಯಾರೂ ಹೇಳಿಕೊಳ್ಳಲ್ಲ. ಮಾತೇ ಮುಜುಗರದ್ದು ನೋಡಿ. ದೇಶದ ಕುಟುಂಬ ಯೋಜನಾ ಸಂಘವನ್ನು 1949ರಲ್ಲಿ ಕಟ್ಟಿದ ಧನ್ವಂತಿ ರಾಮರಾವ್ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ಅದೂ ನಮಗೆ ಮರೆತುಹೋಗಿದೆ.

ಇನ್ನೊಂದು ಕಡೆ ಗಾಂಧೀಜಿ. 1935ರ ಡಿಸೆಂಬರಿನಲ್ಲಿ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೆ ಬಂದು ಅವರ ಜೊತೆ ವಾದಿಸಿದಳು. ಸಾಧನಗಳ ವಿಷಯದಲ್ಲಿ ಗಾಂಧೀಜಿ ಜಗ್ಗಲಿಲ್ಲ, ಸಂಯಮವೇ ದಾರಿ ಅಂದರು. ಆದರೆ ತಿಂಗಳಲ್ಲಿ ಕೆಲವು ದಿನ ದೂರ ಇರುವ ಪದ್ಧತಿ ಉಳಿದವುಗಳಷ್ಟು ತಮಗೆ ಅಸಹ್ಯವಲ್ಲ ಎಂದು ಸೂಚಿಸಿದರು. ಸ್ವಾತಂತ್ರ್ಯ ಬಂದ ಮೇಲೆ ಆರೋಗ್ಯ ಮಂತ್ರಿಯಾದ ರಾಜಕುಮಾರಿ ಅಮೃತ್ ಕೌರ್ ವರ್ಷಗಟ್ಟಲೆ ಗಾಂಧೀಜಿಯ ಕಾರ್ಯದರ್ಶಿಯಾಗಿದ್ದವರು. ಅವರಿಗೂ ಒಪ್ಪಿಗೆಯಾದದ್ದು ಅದೊಂದೇ. ಅತ್ತ 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಕೂಡ ದಿನ ನೋಡಿ ದೂರ ಇರುವುದಕ್ಕೆ ಮಾತ್ರ ಸಮ್ಮತಿ ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಕ್ಯಾಥೊಲಿಕ್ ದೇಶಗಳ ವಿರೋಧ ಎಷ್ಟಿತ್ತೆಂದರೆ, ಜನಸಂಖ್ಯೆಯ ಬಗ್ಗೆ ತಜ್ಞರ ಸಮಿತಿ ಮಾಡೋಣ ಅನ್ನುವ ನಾರ್ವೆಯ ಪ್ರಸ್ತಾಪವೂ 1952ರ ಸಭೆಯಲ್ಲಿ ಬಿದ್ದುಹೋಯಿತು. ಹೀಗೆ ಆಶ್ರಮವೂ ವ್ಯಾಟಿಕನ್ನೂ ಒಂದೇ ಕಡೆ ನಿಂತಾಗ, ಉಳಿದ ದಾರಿ ದಿನ ಎಣಿಸುವುದು. ಹೆಂಗಸರಿಗೆ ಯಾವುದು ಬೇಕು ಅಂತ ಯಾರೂ ಕೇಳಲಿಲ್ಲ.

ಸಂಸ್ಥೆಯ ಕಡೆಯಿಂದ 1951ರಲ್ಲಿ ಡಾ. ಏಬ್ರಹಾಂ ಸ್ಟೋನ್ ಭಾರತಕ್ಕೆ ಬಂದರು. ಪ್ರಯೋಗಕ್ಕೆ ಎರಡು ಜಾಗ ಆರಿಸಿದರು. ನಗರಕ್ಕೆ ದೆಹಲಿಯ ಲೋದಿ ಕಾಲನಿ, ಹಳ್ಳಿಗಾಡಿಗೆ ರಾಮನಗರ. ಓದು ಬಾರದವರಿಗೆ ಕ್ಯಾಲೆಂಡರ್ ಕೊಟ್ಟು ಏನು ಪ್ರಯೋಜನ? ಹಾಗಾಗಿ ಮಣಿಸರ. ಮುಟ್ಟಿನ ದಿನಗಳಿಗೆ ಕಿತ್ತಳೆ, ಸೇಫ್ ದಿನಗಳಿಗೆ ಹಸಿರು, ‘ಮಗುವಿನ ದಿನ’ಗಳಿಗೆ ಕೆಂಪು.

ಆಮೇಲೆ ಆದದ್ದನ್ನು ಕುಟುಂಬ ಯೋಜನೆಯ ಇತಿಹಾಸಕಾರರು ನಗಬೇಕೋ ಅಳಬೇಕೋ ಗೊತ್ತಾಗದ ಹಾಗೆ ಬರೆದಿದ್ದಾರೆ. ಕತ್ತಲಲ್ಲಿ ಹಸಿರು ಯಾವುದು ಕೆಂಪು ಯಾವುದು ಅಂತ ಕಾಣುತ್ತಿರಲಿಲ್ಲ. ಸರಿ, ಕೈಯಲ್ಲಿ ಮುಟ್ಟಿದರೇ ತಿಳಿಯಲಿ ಅಂತ ಮಣಿಯ ಆಕಾರ ಬದಲಾಯಿಸಿದರು. ಕೆಲವರು ಮಣಿಯನ್ನು ಹಿಂದಕ್ಕೆ ಸರಿಸಿಬಿಡುತ್ತಿದ್ದರು. ಅದಕ್ಕೆ ಒಂದೇ ದಿಕ್ಕಿಗೆ ಸರಿಯುವ ಕೊಂಡಿ ಹಾಕಿದರು. ಹಸಿರು ಮಣಿಯನ್ನು ಮುಂದಕ್ಕೆ ತಂದುಕೊಂಡರೆ ಸಾಕು, ಆ ದಿನ ಸೇಫ್ ಆಗಿಬಿಡುತ್ತೆ ಅಂದುಕೊಂಡವರಿದ್ದರು. ತಾಯತದ ಹಾಗೆ ಸರ ಕೊರಳಲ್ಲಿದ್ದರೆ ಸಾಕು ಅಂದುಕೊಂಡವರೂ ಇದ್ದರು. ಇನ್ನು ಕೆಲವರಿಗೆ ಅದನ್ನು ಹಾಕಿಕೊಳ್ಳುವುದೇ ನಾಚಿಕೆ. ನೋಡಿದ ಕೂಡಲೇ ಊರಿಗೆಲ್ಲ ಗೊತ್ತಾಗುತ್ತಲ್ಲ!

ಈ ಕತೆಗಳನ್ನು ಹೇಳುವಾಗ ಸಾಮಾನ್ಯವಾಗಿ ಹಳ್ಳಿ ಹೆಂಗಸರ ಪೆದ್ದುತನಕ್ಕೆ ನಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅದೇ ಹೊತ್ತಿಗೆ, 1951–52ರಲ್ಲಿ, ವಿಶ್ವಸಂಸ್ಥೆ ಮತ್ತು ಭಾರತ ಸರಕಾರ ಸೇರಿ ‘ಮೈಸೂರು ಜನಸಂಖ್ಯಾ ಅಧ್ಯಯನ’ ನಡೆಸಿದವು. ಬೆಂಗಳೂರಿನಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ ಕೇಳಿದರು. ಇನ್ನು ಮಕ್ಕಳು ಸಾಕು ಅನ್ನುವ ಆಸೆ ಹಳ್ಳಿಯವರಲ್ಲೂ ಸಾಕಷ್ಟು ಇತ್ತು. ಆಸೆ ಇತ್ತು, ಕೈಗೆ ಸಿಕ್ಕಿದ್ದು ಮಣಿಸರ. ಬಿಡುವಿಲ್ಲದ ದುಡಿಮೆ, ವರ್ಷಕ್ಕೊಂದು ಬಾಣಂತನ, ಮೊಲೆಹಾಲು ಕುಡಿಯುವ ಕೂಸು, ಇವುಗಳ ನಡುವೆ ಯಾರ ಮುಟ್ಟು 28 ದಿನಕ್ಕೆ ಸರಿಯಾಗಿ ಬರುತ್ತದೆ? ಕೆಂಪು ಮಣಿಯ ರಾತ್ರಿ ‘ಇವತ್ತು ಬೇಡ’ ಅಂದರೆ ಕೇಳುವ ಗಂಡ ಎಷ್ಟು ಜನರಿಗಿದ್ದ? ಸರ ಕೊಟ್ಟಿದ್ದು ಅವಳ ಕೈಗೆ, ತೀರ್ಮಾನ ಇದ್ದದ್ದು ಅವನ ಕೈಯಲ್ಲಿ. ಎರಡು ವರ್ಷ ಕಳೆಯುವಷ್ಟರಲ್ಲಿ ಪ್ರಯೋಗ ಸೊರಗಿತು. ಜನ ಕೇಳುತ್ತಿದ್ದಾರೆ, ಆದರೆ ಇದು ಕೆಲಸಕ್ಕೆ ಬರಲ್ಲ ಅನ್ನುವುದು ಸರಕಾರಕ್ಕೂ ಅರ್ಥವಾಯಿತು.

ನಮ್ಮಜ್ಜಿಯ ಲೆಕ್ಕ ಬೇರೆಯೇ ಇತ್ತು. ‘ಕೂಸು ಹಾಲು ಕುಡೀತಿರೋವರೆಗೂ ನಿಲ್ಲಲ್ಲ ಕಣೇ’ ಅನ್ನುತ್ತಿದ್ದರು. ಹಾಗಂದವರಿಗೆ ಎಂಟು ಹೆರಿಗೆ. ಆ ಮಾತಿನಲ್ಲಿ ಅರ್ಧ ಸತ್ಯ ಇದೆ. 1988ರಲ್ಲಿ ಇಟಲಿಯ ಬೆಲ್ಲಾಜಿಯೊದಲ್ಲಿ ಸೇರಿದ ತಜ್ಞರು ಮೂರು ಷರತ್ತು ಹಾಕಿ ಅದನ್ನು ಒಪ್ಪಿಕೊಂಡರು. ಮಗುವಿಗೆ ಆರು ತಿಂಗಳು ಆಗಿರಬಾರದು. ಹಗಲು ರಾತ್ರಿ ತಾಯಿಹಾಲೇ ಕುಡಿಯುತ್ತಿರಬೇಕು, ಮೇಲಿನ ಹಾಲು, ಸೆರೆಲ್ಯಾಕ್ ಇರಬಾರದು. ಮುಟ್ಟು ಮತ್ತೆ ಶುರುವಾಗಿರಬಾರದು. ಮೂರೂ ಇದ್ದರೆ ನೂರಕ್ಕೆ 98ರಷ್ಟು ರಕ್ಷಣೆ. ಒಂದು ತಪ್ಪಿದರೂ ಬೇರೆ ವ್ಯವಸ್ಥೆ ನೋಡಿಕೊಳ್ಳಬೇಕು. ಮೊದಲ ಮುಟ್ಟಿಗೆ ಮುಂಚೆಯೇ ಅಂಡಾಣು ಹೊರಬರುತ್ತದೆ, ಹಾಗಾಗಿ ಮುಟ್ಟೇ ಕಾಣದೆ ಮತ್ತೆ ಬಸಿರಾದವರು ನಮ್ಮ ಊರುಗಳಲ್ಲಿ ಬೇಕಾದಷ್ಟಿದ್ದಾರೆ.

ಮಣಿಸರ ಸೋತ ಮೇಲೆ ಸರಕಾರ ಬೇರೆ ದಾರಿಗಳನ್ನು ಹಿಡಿಯಿತು. 1965ರಲ್ಲಿ ಲಿಪ್ಪೆಸ್ ಲೂಪ್ ಬಂತು. ನಮ್ಮ ಕಡೆ ಈಗಲೂ ‘ವಂಕಿ ಹಾಕಿಸಿಕೊಳ್ಳುವುದು’ ಅನ್ನುತ್ತಾರಲ್ಲ, ಅದರ ಪೂರ್ವಜ. 1968ರಲ್ಲಿ ನಿರೋಧ್, ಮೂರಕ್ಕೆ ಹದಿನೈದು ಪೈಸೆ. ಚಹಾಪುಡಿ, ಸೋಪು ಮಾರುವ ಕಂಪನಿಗಳ ಮೂಲಕವೇ ಹಳ್ಳಿ ಅಂಗಡಿಗೂ ಮುಟ್ಟಿಸಿದರು. ಕೆಂಪು ತ್ರಿಕೋನ ಗೋಡೆಗೋಡೆಯ ಮೇಲೆ ಬಂತು, ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಅನ್ನುವ ಮಾತು ಬಸ್ಸಿನ ಹಿಂದೆ ಬಂತು. ಆಮೇಲೆ ತುರ್ತುಪರಿಸ್ಥಿತಿ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಆಪರೇಷನ್ ನಡೆದವು, ಅವುಗಳಲ್ಲಿ ಬಹುಪಾಲು ಗಂಡಸರದ್ದು, ಎಷ್ಟೋ ಕಡೆ ಬಲವಂತದಿಂದ. ಸರಕಾರ ಬಿತ್ತು. ಆ ಭಯ ಗಂಡಸರ ಮನಸ್ಸಿನಿಂದ ಹೋಗಲೇ ಇಲ್ಲ. ಪರಿಣಾಮ ನೋಡಿ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮದುವೆಯಾದ ಹೆಂಗಸರಲ್ಲಿ ಆಪರೇಷನ್ ಮಾಡಿಸಿಕೊಂಡವರು ನೂರಕ್ಕೆ 37.9. ಗಂಡ ಮಾಡಿಸಿಕೊಂಡ ದಂಪತಿ ನೂರಕ್ಕೆ 0.3. ಕರ್ನಾಟಕದಲ್ಲಂತೂ ಹೆಂಗಸರ ಪಾಲು ಅರ್ಧಕ್ಕಿಂತ ಹೆಚ್ಚು. ಗಂಡಸಿನ ಆಪರೇಷನ್ ಚಿಕ್ಕದು, ಹೊಟ್ಟೆ ಕೊಯ್ಯುವ ಪ್ರಶ್ನೆಯೇ ಇಲ್ಲ, ಸಾಮಾನ್ಯವಾಗಿ ಅವತ್ತೇ ಮನೆಗೆ ಬರಬಹುದು, ಗಂಡಸುತನಕ್ಕೆ ಏನೂ ಆಗುವುದಿಲ್ಲ. ಆದರೂ ಮಣಿ ಸರಿಸುವ ಕೆಲಸ ಇನ್ನೂ ಅವಳದ್ದೇ.

ಹಾಗಾದರೆ ಇವತ್ತಿನ ವಿಜ್ಞಾನ ಆ ದಿನಗಳ ಬಗ್ಗೆ ಏನು ಹೇಳುತ್ತೆ? 1995ರಲ್ಲಿ ಅಮೆರಿಕದ ಅಲೆನ್ ವಿಲ್ಕಾಕ್ಸ್ ಮತ್ತು ಜೊತೆಯವರು, ಮಗುವಿಗಾಗಿ ಪ್ರಯತ್ನಿಸುತ್ತಿದ್ದ 221 ಹೆಂಗಸರ ಮೂತ್ರದ ಮಾದರಿಯನ್ನು ದಿನವೂ ಪರೀಕ್ಷಿಸಿ ಒಂದು ಫಲಿತಾಂಶ ಪ್ರಕಟಿಸಿದರು. ಗರ್ಭ ನಿಲ್ಲುವುದು ಆರೇ ದಿನ: ಅಂಡಾಣು ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ ಐದು ದಿನ. ಐದು ದಿನ ಮುಂಚೆ ಸೇರಿದರೆ ಸಾಧ್ಯತೆ ಹತ್ತರಲ್ಲಿ ಒಂದು, ಅದೇ ದಿನವಾದರೆ ಮೂರರಲ್ಲಿ ಒಂದು. ಕಾರಣ ಸರಳ. ವೀರ್ಯಾಣು ಒಳಗೆ ಐದು ದಿನದವರೆಗೂ ಬದುಕಬಲ್ಲದು, ಅಂಡಾಣುವಿನ ಆಯಸ್ಸು ಒಂದು ದಿನಕ್ಕಿಂತ ಹೆಚ್ಚಿಲ್ಲ.

ಇದೇ ತಂಡ 2000ದಲ್ಲಿ ಇನ್ನೊಂದು ಲೆಕ್ಕ ಕೊಟ್ಟಿತು. ಪುಸ್ತಕದಲ್ಲಿ ಬರುವ 10ರಿಂದ 17ನೇ ದಿನದೊಳಗೇ ಈ ಆರು ದಿನ ಪೂರ್ತಿ ಬಿದ್ದದ್ದು ಸುಮಾರು ನೂರಕ್ಕೆ 30 ಹೆಂಗಸರಲ್ಲಿ ಮಾತ್ರ. 6ನೇ ದಿನದಿಂದ 21ನೇ ದಿನದವರೆಗೆ ಯಾವ ದಿನವೇ ಆಗಲಿ, ಫಲವತ್ತಾದ ದಿನವಾಗಿರುವ ಸಾಧ್ಯತೆ ಕನಿಷ್ಠ ನೂರಕ್ಕೆ ಹತ್ತು. ಅದೂ ಮುಟ್ಟು ಹೆಚ್ಚುಕಡಿಮೆ ಸರಿಯಾಗಿದ್ದವರಲ್ಲಿ. ನೈಟ್ ಶಿಫ್ಟ್, ಜ್ವರ, ಪರೀಕ್ಷೆ, ಪಿಸಿಓಡಿ ಇದ್ದವರ ಮಾತು ಬಿಡಿ. ಮಗು ಬೇಕಾದವರು ಒಂದೇ ದಿನಕ್ಕೆ ಕಣ್ಣಿಟ್ಟು ಕೂರುವುದಕ್ಕಿಂತ, ಮುಟ್ಟು ಮುಗಿದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಸೇರಿದರೆ ಸಾಕು, ಎಣಿಸುವ ತಾಪತ್ರಯವಿಲ್ಲ. ಆರೋಗ್ಯವಂತ ದಂಪತಿಗಳಲ್ಲಿ ನೂರಕ್ಕೆ ಸುಮಾರು 85 ಜನಕ್ಕೆ ಒಂದು ವರ್ಷದೊಳಗೆ ಗರ್ಭ ನಿಲ್ಲುತ್ತದೆ. ಮೂರನೇ ತಿಂಗಳಿಗೇ ‘ಏನೂ ವಿಶೇಷ ಇಲ್ವಾ?’ ಅಂತ ಕೇಳುವ ಅತ್ತೆ, ಚಿಕ್ಕಮ್ಮಂದಿರಿಗೆ ಈ ಅಂಕಿ ಹೇಳಿ.

ಮಣಿಸರ ಸತ್ತೇಹೋಯಿತು ಅಂದುಕೊಂಡಿದ್ದೆ. ಇಲ್ಲ. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು ಐವತ್ತು ವರ್ಷದ ನಂತರ ಅದನ್ನು ಮತ್ತೆ ತಂದರು. 32 ಮಣಿ, ಮುಟ್ಟಿನ ಮೊದಲ ದಿನಕ್ಕೆ ಕೆಂಪು, 8ರಿಂದ 19ನೇ ದಿನದವರೆಗೆ ಬಿಳಿ, ಉಳಿದದ್ದು ಕಂದು. ಬಿಳಿ ಮಣಿಯ ದಿನ ಅಪಾಯ. ಈ ಸಲ ಷರತ್ತು ಸ್ಪಷ್ಟವಾಗಿ ಹೇಳಿದರು: ಮುಟ್ಟು 26ರಿಂದ 32 ದಿನದೊಳಗೆ ಬರುವವರಿಗೆ ಮಾತ್ರ, ಗಂಡ ಹೆಂಡತಿ ಇಬ್ಬರೂ ಒಪ್ಪಿದರೆ ಮಾತ್ರ. 2002ರ ಅಧ್ಯಯನದಲ್ಲಿ, ತಪ್ಪದೆ ಪಾಲಿಸಿದ ನೂರು ಜನರಲ್ಲಿ ವರ್ಷಕ್ಕೆ ಸುಮಾರು 5 ಜನ ಬಸಿರಾದರು. ಸಾಮಾನ್ಯವಾಗಿ ಜನ ಪಾಲಿಸುವ ಹಾಗೆ ಪಾಲಿಸಿದಾಗ ಸುಮಾರು 12. ಹೋಲಿಕೆಗೆ ಹೇಳುವುದಾದರೆ, ಸಾಮಾನ್ಯ ಬಳಕೆಯಲ್ಲಿ ಕಾಂಡೋಮಿನದು ಸುಮಾರು 13, ಗುಳಿಗೆಯದು 7, ಕಾಪರ್–ಟಿಯದು ಒಂದಕ್ಕಿಂತ ಕಡಿಮೆ. ‘ಹೊರಗೆ ತೆಗೆದುಬಿಡ್ತೀನಿ’ ಅನ್ನುವವರದು 20. ಹಾಗಾಗಿ ಎಣಿಕೆ ಅನ್ನುವುದು ಸುಳ್ಳಲ್ಲ. ತಪ್ಪಿದರೂ ಪರವಾಗಿಲ್ಲ, ಬಂದರೆ ಬರಲಿ ಅನ್ನುವವರಿಗೆ ನಡೆಯುತ್ತದೆ. ತಪ್ಪಲೇಬಾರದು ಅನ್ನುವವರಿಗೆ ಅಲ್ಲ. ಕಾಂಡೋಮಿಗೆ ಇನ್ನೊಂದು ಗುಣವಿದೆ, ಲೈಂಗಿಕ ಸೋಂಕು ತಡೆಯುವುದು. ಅದು ಉಳಿದ ಯಾವುದಕ್ಕೂ ಇಲ್ಲ.

ಎಣಿಕೆ ತಪ್ಪಿದ ರಾತ್ರಿಯ ಮಾರನೇ ದಿನ ಮೆಡಿಕಲ್ ಶಾಪಿಗೆ ಓಡುತ್ತಾರಲ್ಲ, ಆ ಒಂದು ಮಾತ್ರೆ ನಮ್ಮಲ್ಲಿ ಚೀಟಿ ಇಲ್ಲದೆ ಸಿಗುವುದು 2005ರಿಂದ. 72 ಗಂಟೆಯೊಳಗೆ ತಗೋಬೇಕು, ಬೇಗ ತಗೊಂಡಷ್ಟೂ ಒಳ್ಳೆಯದು. ಅದು ಮುಖ್ಯವಾಗಿ ಮಾಡುವುದು ಅಂಡಾಣುವಿನ ಬಿಡುಗಡೆಯನ್ನು ಮುಂದೂಡುವ ಕೆಲಸ. ಅಂಡಾಣು ಆಗಲೇ ಹೊರಬಂದಿದ್ದರೆ ಅದರಿಂದ ಹೆಚ್ಚು ಉಪಯೋಗವಿಲ್ಲ. ತಿಂಗಳ ಅಭ್ಯಾಸವಾಗಿ ನುಂಗುವಂಥದ್ದಲ್ಲ ಅದು. ಅಷ್ಟರ ಮೇಲೂ ಬೇಡದ ಗರ್ಭ ನಿಂತರೆ, 1971ರಿಂದ ಕಾಯಿದೆ ಇದೆ. 2021ರ ತಿದ್ದುಪಡಿಯಲ್ಲಿ ‘ಗಂಡ’ ಇದ್ದ ಕಡೆ ‘ಸಂಗಾತಿ’ ಬಂತು, 2022ರಲ್ಲಿ ಸುಪ್ರೀಂ ಕೋರ್ಟು ಮದುವೆಯಾಗದವರಿಗೂ ಅದೇ ಹಕ್ಕು ಅಂದಿತು. ಯೂಟ್ಯೂಬ್ ನೋಡಿ ಪಪಾಯ, ಎಳ್ಳು ತಿಂದು ದಿನ ಕಳೆಯುವ ಬದಲು ಡಾಕ್ಟರ ಹತ್ತಿರ ಹೋಗಬಹುದು.

ಕೊನೆಯ ಲೆಕ್ಕ ಆರೋಗ್ಯವಂತ ಮಗುವಿನದು. ಇದರ ಇತಿಹಾಸದಲ್ಲೂ ನಮ್ಮ ನೆಲದ ಹೆಂಗಸರಿದ್ದಾರೆ. 1928ರಲ್ಲಿ ಲೂಸಿ ವಿಲ್ಸ್ ಅನ್ನುವ ಇಂಗ್ಲಿಷ್ ವೈದ್ಯೆ ಮುಂಬೈಗೆ ಬಂದಳು. ಗಿರಣಿ ಕೆಲಸದ ಬಡ ಗರ್ಭಿಣಿಯರು ವಿಚಿತ್ರ ರಕ್ತಹೀನತೆಯಿಂದ ಸಾಯುತ್ತಿದ್ದರು. ಯೀಸ್ಟಿನಿಂದ ಮಾಡಿದ ಮಾರ್ಮೈಟ್ ಕೊಟ್ಟಾಗ ಅವರು ಚೇತರಿಸಿಕೊಂಡರು, 1931ರಲ್ಲಿ ಅವಳು ಅದನ್ನು ಪ್ರಕಟಿಸಿದಳು. ಅದರೊಳಗಿನ ಮದ್ದು ಯಾವುದು ಅಂತ ಗೊತ್ತಾಗಲು ಇನ್ನೂ ಹತ್ತು ವರ್ಷ ಬೇಕಾಯಿತು. 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ ಅದಕ್ಕೆ ಫೋಲಿಕ್ ಆ್ಯಸಿಡ್ ಅಂತ ಹೆಸರಿಟ್ಟರು. 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಪ್ರಯೋಗ ಇನ್ನೊಂದು ಗುಣ ತೋರಿಸಿತು. ಬೆನ್ನುಹುರಿ, ಮೆದುಳಿನ ಹುಟ್ಟುದೋಷವಿದ್ದ ಮಗುವನ್ನು ಒಮ್ಮೆ ಹೆತ್ತ ತಾಯಂದಿರು ಮುಂದಿನ ಬಸಿರಿಗೆ ಮುಂಚಿನಿಂದಲೇ ಈ ಮಾತ್ರೆ ತಗೊಂಡರೆ, ಆ ದೋಷ ಮರುಕಳಿಸುವುದು ನೂರಕ್ಕೆ 72ರಷ್ಟು ಕಡಿಮೆ.

‘ಮುಂಚಿನಿಂದಲೇ’ ಅನ್ನುವುದೇ ಇಲ್ಲಿ ಮುಖ್ಯ. ಮಗುವಿನ ಬೆನ್ನುಹುರಿಯಾಗುವ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ನಿಂತು ಸುಮಾರು 28 ದಿನದೊಳಗೆ. ಡೇಟ್ ಮಿಸ್ ಆಗಿ, ಒಂದು ವಾರ ನೋಡೋಣ ಅಂತ ಕಾದು, ಕಿಟ್ ತಂದು, ಎರಡು ಗೆರೆ ಕಂಡು, ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗುವ ಹೊತ್ತಿಗೆ ಆ ಕೆಲಸ ಮುಗಿದಿರುತ್ತದೆ. ಅದಕ್ಕೇ ಮಗು ಬೇಕು ಅಂತ ತೀರ್ಮಾನಿಸಿದ ತಿಂಗಳಿನಿಂದಲೇ ದಿನಕ್ಕೆ 400 ಮೈಕ್ರೊಗ್ರಾಮಿನ ಮಾತ್ರೆ ಶುರು ಮಾಡಿ ಅನ್ನುವುದು. ಡಯಾಬಿಟಿಸ್, ಫಿಟ್ಸ್ ಮಾತ್ರೆ, ಮನೆಯಲ್ಲಿ ಇಂಥ ದೋಷದ ಇತಿಹಾಸ ಇದ್ದವರಿಗೆ ಪ್ರಮಾಣ ಬೇರೆ, ಡಾಕ್ಟರನ್ನೇ ಕೇಳಬೇಕು. ಥೈರಾಯ್ಡ್, ಸಕ್ಕರೆ, ಬಿಪಿ, ರುಬೆಲ್ಲಾ ಚುಚ್ಚುಮದ್ದು, ಇವೆಲ್ಲ ನೋಡಿಕೊಳ್ಳಬೇಕಾದ್ದು ಆಗಲೇ. ಸಿಗರೇಟು, ಕುಡಿತ ಬಿಡಬೇಕಾದ್ದೂ ಆಗಲೇ, ಇಬ್ಬರೂ. ಸೀಮಂತಕ್ಕೆ ಛತ್ರ ಬುಕ್ ಮಾಡುವ ಮುತುವರ್ಜಿಯಲ್ಲಿ ಹತ್ತರಲ್ಲಿ ಒಂದು ಪಾಲು ಇದಕ್ಕಿದ್ದರೆ ಸಾಕು.

ವರ್ಷ ಕಳೆದರೂ ನಿಲ್ಲಲಿಲ್ಲ, ಅಥವಾ ಅವಳಿಗೆ 35 ದಾಟಿದ್ದು ಆರು ತಿಂಗಳು ಕಳೆಯಿತು ಅಂದರೆ ಡಾಕ್ಟರ ಹತ್ತಿರ ಇಬ್ಬರೂ ಒಟ್ಟಿಗೆ ಹೋಗಿ. ಮಕ್ಕಳಾಗದ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗಂಡಸಿನ ಪಾಲೂ ಇರುತ್ತದೆ. ವೀರ್ಯ ಪರೀಕ್ಷೆ ಅಗ್ಗದ್ದು, ನೋವಿಲ್ಲದ್ದು. ಅದನ್ನು ಮಾಡಿಸದೆ ಅವಳನ್ನು ಎರಡು ವರ್ಷ ಸ್ಕ್ಯಾನು, ಇಂಜೆಕ್ಷನ್ನು, ಆಮೇಲೆ ನಾಗಪ್ರತಿಷ್ಠೆ ಅಂತ ಅಲೆಸಿದ ಮನೆಗಳು ನನಗೆ ಗೊತ್ತು, ಇಂಜಿನಿಯರುಗಳ ಮನೆಗಳೇ.

ಹೋದ ವಾರ ಒಬ್ಬ ಸಹೋದ್ಯೋಗಿ, ಮದುವೆಯಾಗಿ ಎರಡು ವರ್ಷದವನು, ಕೇಳಿದ: ‘ಅಕ್ಕಾ, ಅವಳ ಆ್ಯಪ್ ನನ್ನ ಫೋನಿಗೂ ಹಾಕ್ಕೋಬಹುದಾ? ಡೇಟ್ ನಾನೂ ನೋಡ್ಕೋತೀನಿ.’ ಹಾಕ್ಕೋಬಹುದು, ಅವಳು ಹೂಂ ಅಂದರೆ, ಅಂದೆ. ಜೊತೆಗೆ ಫೋಲಿಕ್ ಆ್ಯಸಿಡ್ ಮಾತ್ರೆಯ ಹೆಸರನ್ನೂ ಬರೆದುಕೊಟ್ಟೆ, ಸಂಜೆ ಮನೆಗೆ ಹೋಗುವಾಗ ತಗೊಂಡು ಹೋಗು ಅಂತ.